ಮರದಿಂದಿಳಿದ ಖಲೀಫ: ಬಾಲಕರು ಪಟ್ಟವೇರಿದರೆ ರಾಜ್ಯ ಉಳಿಯುತ್ತದೆಯೇ?

ನಮಸ್ಕಾರ. ಬೀದರಿನ ಕುರಿತ ನಮ್ಮ ಹಿಂದಿನ ವಿಡಿಯೋ ನೋಡಿದ ಹಲವರು, 1461ರಲ್ಲಿ ಎಂಟು ವರ್ಷದ ನಿಜಾಮ್ ಶಾಹ ಬಹಮನಿ ಸುಲ್ತಾನನಾದಾಗ ರಾಜ್ಯ ಕುಸಿದುಬೀಳಲಿಲ್ಲವೇಕೆ ಎಂದು ಕೇಳಿದ್ದೀರಿ. ಉತ್ತರ ಹುಡುಕಲು ನಾವು ಮೊದಲು ಕೈರೋಗೆ ಹೋಗೋಣ. ಎಳೆಯ ಅರಸರ ವಿಷಯದಲ್ಲಿ ಫಾತಿಮಿ ಅರಮನೆಗೆ ಇದ್ದ ಅನುಭವ ಸಣ್ಣದಲ್ಲ.

ಫಾತಿಮಿಗಳು ಇಸ್ಮಾಯಿಲಿ ಶಿಯಾಗಳು, 969ರಲ್ಲಿ ಈಜಿಪ್ಟನ್ನು ಗೆದ್ದವರು ಎಂಬಷ್ಟು ನೆನಪಿದ್ದರೆ ಸಾಕು. ಅವರ ಖಲೀಫನೇ ಅವರ ಇಮಾಮ, ಅಂದರೆ ಧರ್ಮಗುರು. ಅವರ ನಂಬಿಕೆಯಂತೆ ಮುಂದಿನ ಇಮಾಮನನ್ನು ಹಿಂದಿನ ಇಮಾಮನೇ ಹೆಸರಿಸುತ್ತಾನೆ. ಹೆಸರಿಸಿದ ಮೇಲೆ ವಯಸ್ಸು ಎಷ್ಟೆಂದು ಯಾರೂ ಕೇಳುವಂತಿಲ್ಲ.

[ಪರದೆಯ ಮೇಲೆ: ಅತ್ತಿಮರದ ರೇಖಾಚಿತ್ರ]

996ರ ಅಕ್ಟೋಬರಿನಲ್ಲಿ ಖಲೀಫ ಅಲ್-ಅಜೀಜ್ ದಂಡಯಾತ್ರೆಗೆಂದು ಹೊರಟವನು ಬಿಲ್ಬೈಸ್ ಪಟ್ಟಣದಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಆಗ ಅವನ ಹನ್ನೊಂದು ವರ್ಷದ ಮಗ ಅಲ್-ಹಾಕಿಮ್ ಬಿಡಾರದ ಅತ್ತಿಮರದ ತುದಿಯಲ್ಲಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದ ಬರ್ಜವಾನ್ ಎಂಬ ಖೋಜಾ (ಅರಮನೆಯ ನಪುಂಸಕ ಸೇವಕ) ಓಡಿಬಂದು ಕೆಳಗಿಳಿಯೆಂದು ಕೂಗಿದ. ಇಳಿದವನ ತಲೆಗೆ ರತ್ನದ ಪೇಟವನ್ನಿಟ್ಟು, ಅವನೆದುರು ನೆಲಕ್ಕೆ ಮುತ್ತಿಟ್ಟು, ಖಲೀಫನೆಂದು ವಂದಿಸಿದ. ಇದನ್ನು ಅಲ್-ಹಾಕಿಮನೇ ಮುಂದೆ ಚರಿತ್ರೆಕಾರ ಅಲ್-ಮುಸಬ್ಬಿಹಿಗೆ ಹೇಳಿದ್ದಾನೆ. ವಿಡಿಯೋದ ಅರ್ಧ ಭಾಗವನ್ನು ಈ ಮರಕ್ಕೇ ಕೊಡುತ್ತಿದ್ದೇನೆಂದು ಸಂಕಲನಕಾರರು ಗೊಣಗುತ್ತಿದ್ದಾರೆ, ಆದರೂ ಒಂದು ಮಾತು ಹೇಳಲೇಬೇಕು: ಮೊಣಕಾಲು ತರಚಿಕೊಂಡಿರಬಹುದಾದ ಆ ಹುಡುಗನ ಮುಂದೆ ಸ್ವಲ್ಪ ಹೊತ್ತಿನಲ್ಲೇ ದೊಡ್ಡವರೆಲ್ಲ ನೆಲ ಮುಟ್ಟಿ ನಮಿಸಿದರು.

ದೊಡ್ಡವರು ಜಗಳವಾಡಲಿಲ್ಲವೆಂದಲ್ಲ. ಉತ್ತರ ಆಫ್ರಿಕಾದ ಕುತಾಮಾ ಬರ್ಬರ್ ಬುಡಕಟ್ಟಿನ ಮುಖಂಡ ಇಬ್ನ್ ಅಮ್ಮಾರ್ ಮೊದಲು ಆಡಳಿತವನ್ನು ಕೈಗೆ ತೆಗೆದುಕೊಂಡ. 997ರಲ್ಲಿ ಬರ್ಜವಾನ್ ತುರ್ಕಿ ಸೈನಿಕರ ಬೆಂಬಲದಿಂದ ಅವನನ್ನು ಕೆಳಗಿಳಿಸಿದ. ಆದರೆ ಆ ಕಾದಾಟವೆಲ್ಲ ನಡೆದದ್ದು ಅಧಿಕಾರದ ಕೀಲಿಕೈಗಾಗಿ. ಗದ್ದುಗೆಯ ಒಡೆಯ ಯಾರೆಂಬುದು ಮೊದಲೇ ತೀರ್ಮಾನವಾಗಿತ್ತು. ಬರ್ಜವಾನ್ ಬಾಲಕನನ್ನು ಹಲ್ಲಿಯೆಂದು ಹೀಗಳೆಯುತ್ತಿದ್ದನಂತೆ. 1000ದಲ್ಲಿ, ಹದಿನೈದರ ಹರೆಯದ ಅಲ್-ಹಾಕಿಮ್, ಹಲ್ಲಿ ಈಗ ಘಟಸರ್ಪವಾಗಿದೆ, ನಿನ್ನನ್ನು ಕರೆಯುತ್ತಿದೆ ಎಂದು ಹೇಳಿಕಳುಹಿಸಿ ಅವನನ್ನು ಕೊಲ್ಲಿಸಿದನೆಂಬ ಕಥೆಯಿದೆ. ಕೊಲೆಯಂತೂ ನಿಜ.

ಸಮಯ ಮೀರುತ್ತಿರುವುದರಿಂದ ಮುಂದಿನದನ್ನು ಬೇಗನೆ ಹೇಳಿಬಿಡುತ್ತೇನೆ. 1154ರಲ್ಲಿ ವಜೀರ ಅಬ್ಬಾಸನ ಮಗನೇ ಖಲೀಫ ಅಲ್-ಜಾಫಿರನನ್ನು ಕೊಂದ. ವಜೀರನು ಆ ತಪ್ಪನ್ನು ಖಲೀಫನ ಸಹೋದರರ ಮೇಲೆ ಹೊರಿಸಿ ಅವರನ್ನೂ ಕೊಲ್ಲಿಸಿ, ಐದು ವರ್ಷದ ಅಲ್-ಫಾಯಿಜನನ್ನು ಹೆಗಲ ಮೇಲೆ ಹೊತ್ತು ತಂದು ಪಟ್ಟಕ್ಕೇರಿಸಿದ. ನೆರೆದವರ ಕೂಗಿಗೆ ಬೆದರಿದ ಮಗುವಿಗೆ ಆಮೇಲೆ ಮೂರ್ಛೆ ಬರತೊಡಗಿತು. 1160ರಲ್ಲಿ ಅದು ತೀರಿಕೊಂಡಿತು. ಅದರ ಬಳಿಕ ಬಂದ ಅಲ್-ಆದಿದ್ ಕೂಡ ಬಾಲಕನೇ. 1171ರಲ್ಲಿ ಅವನೊಂದಿಗೆ ವಂಶವೇ ಮುಗಿಯಿತು. ಅಲ್-ಫಾಯಿಜನ ವಿಷಯದಲ್ಲಿ ಮಗುವನ್ನು ಆರಿಸಿದವನೂ ಕಾವಲುಗಾರನೂ ಅದರ ಮನೆಯವರನ್ನು ಕೊಲ್ಲಿಸಿದವನೂ ವಜೀರನೊಬ್ಬನೇ. ಅವನನ್ನು ತಡೆಯಬಲ್ಲ ಎರಡನೆಯ ಕೈ ಅರಮನೆಯೊಳಗೆ ಇರಲಿಲ್ಲ.

ಬೀದರಿನಲ್ಲಿ ಅಂತಹ ಕೈಗಳು ಒಂದಲ್ಲ, ಮೂರಿದ್ದವು: ರಾಜಮಾತೆ ಮಖ್ದೂಮಾ-ಎ-ಜಹಾನ್, ಮಂತ್ರಿಗಳಾದ ಖ್ವಾಜಾ ಜಹಾನ್ ತುರ್ಕ್ ಮತ್ತು ಮಹಮೂದ್ ಗವಾನ್. ಮಾಳವದ ಸುಲ್ತಾನ ದಂಡೆತ್ತಿ ಬಂದಾಗ ಅವರು ನೆರವು ಕೋರಿದ್ದು ಗುಜರಾತಿನ ಮಹಮೂದ್ ಬೇಗಡಾನನ್ನು. ಅವನೂ ಹದಿಮೂರನೆಯ ವಯಸ್ಸಿನಲ್ಲೇ ಪಟ್ಟವೇರಿದ್ದವನು.