ಮೊದಲು ಕೂಡ್ರಿ, ಆಮೇಲೆ ಫೋಟೋ

ಕೇಳುಗರೆಲ್ಲರಿಗೂ ನಮಸ್ಕಾರ.

ಫೋಟೋ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಅಂತ ಕರೆದಾಗ ನನಗೆ ನಗು ಬಂತು. ಒಂದು ಚಿತ್ರವನ್ನೂ ತೋರಿಸಲು ಆಗದ ಜಾಗದಲ್ಲಿ ಕೂತು ಚಿತ್ರದ ಬಗ್ಗೆ ಏನು ಹೇಳುವುದು? ಆಮೇಲೆ ಅನ್ನಿಸಿತು, ಇದೇ ಒಳ್ಳೆಯದು. ಈ ಹೊತ್ತಿಗೆ ನೀವು ಹಾಲು ಕರೆಯುತ್ತಿರಬಹುದು, ದನಕ್ಕೆ ಮೇವು ಹಾಕುತ್ತಿರಬಹುದು. ಕೈ ಖಾಲಿ ಇಲ್ಲ, ಕಿವಿ ಖಾಲಿ ಇದೆ. ನಾನು ಹೇಳಬೇಕಾದದ್ದು ಒಂದೇ ಮಾತು. ಅದಕ್ಕೆ ಕಿವಿ ಸಾಕು.

ಆ ಮಾತು ಇಷ್ಟೇ: ಕೂಡ್ರಿ. ಫೋಟೋ ತೆಗೆಯುವ ಮೊದಲು ನೆಲದ ಮೇಲೆ ಕೂಡ್ರಿ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು, ಇವು ಹೊಟ್ಟೆಪಾಡು. ರಜೆ ಸಿಕ್ಕರೆ ಬೈಕ್ ಹತ್ತಿ ನವಲಗುಂದ, ಗದಗ, ಹಾವೇರಿ ಕಡೆ ಹೊಲ ಸುತ್ತುವುದು ನನ್ನ ಹುಚ್ಚು. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಪರಿಚಯದ ರೈತರು ಫೋಟೋ ಕಳಿಸುತ್ತಾರೆ. "ಸರ್, ನಮ್ಮ ಎತ್ತು ಹೆಂಗ ಬಂದಾವ ನೋಡ್ರಿ" ಅನ್ನುತ್ತಾರೆ. ನೋಡುತ್ತೇನೆ. ಬೆನ್ನು ಕಾಣುತ್ತದೆ, ಡುಬ್ಬ ಕಾಣುತ್ತದೆ, ಕೋಡಿನ ತುದಿ ಕಾಣುತ್ತದೆ. ಕಾಲು ಮೋಟು, ಮುಖ ಇಲ್ಲವೇ ಇಲ್ಲ. ಅದು ಬೇಲಿ ಮೇಲೆ ಕೂತ ಕಾಗೆಗೆ ಕಾಣುವ ಎತ್ತು. ದಿನಾ ಜೊತೆಗೆ ದುಡಿಯುವ ನಿಮಗೆ ಕಾಣುವ ಎತ್ತು ಅದಲ್ಲ, ಅಲ್ವಾ?

ನಾವು ನಿಂತರೆ ನಮ್ಮ ಕಣ್ಣು ಐದು ಅಡಿ ಎತ್ತರದಲ್ಲಿ. ಕುರಿಯ ಕಣ್ಣು ಎರಡು ಅಡಿ ಮೇಲೆ. ಮೇಲಿಂದ ತೆಗೆದ ಕುರಿ, ನೆಲಕ್ಕೆ ಬಿದ್ದ ಉಣ್ಣೆ ಚೀಲದ ಹಾಗೆ ಬರುತ್ತದೆ. ನೀವು ಕೂಡ್ರಿ. ಅದೇ ಕುರಿ ಆಕಾಶಕ್ಕೆ ಎದೆ ಕೊಟ್ಟು ನಿಲ್ಲುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಕಸ, ಎಲ್ಲ ಹುಲ್ಲಿನ ಮರೆಗೆ ಹೋಗುತ್ತದೆ. ದುಡ್ಡು ಖರ್ಚಿಲ್ಲ. ಮೊಣಕಾಲಿಗೆ ಸ್ವಲ್ಪ ನೋವು, ಅಷ್ಟೇ.

ಇದನ್ನು ನನಗೆ ಕಲಿಸಿದ್ದು ಯಾವ ಗುರುವೂ ಅಲ್ಲ, ಒಂದು ಎಮ್ಮೆ. ಎಮ್ಮೆ ಮತ್ತು ಅದರ ಒಡತಿ.

ಹದಿನೈದು-ಹದಿನಾರು ವರ್ಷದ ಹಿಂದಿನ ಮಾತು. ಅಣ್ಣಿಗೇರಿ ಕಡೆಯ ಒಂದು ಊರು. ಒಬ್ಬ ಅಜ್ಜಿ ತನ್ನ ಎಮ್ಮೆಗೆ ವಿಮೆ ಮಾಡಿಸಬೇಕಿತ್ತು. ಅದಕ್ಕೆ ಎಮ್ಮೆಯ ಫೋಟೋ ಬೇಕು, ಕಿವಿಗೆ ಹಾಕಿದ ಬಿಲ್ಲೆಯ ನಂಬರ್ ಅದರಲ್ಲಿ ಕಾಣಬೇಕು. ಯಾರೋ ತೆಗೆದ ಫೋಟೋ ಎರಡು ಸಲ ವಾಪಸ್ ಬಂದಿತ್ತು. ಒಂದರಲ್ಲಿ ನಂಬರ್ ಕಾಣುವುದಿಲ್ಲ, ಇನ್ನೊಂದರಲ್ಲಿ ಎಮ್ಮೆಯೇ ಕಾಣುವುದಿಲ್ಲ, ಬರೀ ಕತ್ತಲೆ. "ಹುಬ್ಬಳ್ಳಿಯಿಂದ ಫೋಟೋದವರನ್ನ ಕರಸ್ರಿ" ಅಂತ ನನ್ನನ್ನು ಕರೆಸಿದರು. ನಾನೂ ಆಗಷ್ಟೇ ಸಾಲ ಮಾಡಿ ಡಿಜಿಟಲ್ ಕ್ಯಾಮೆರಾ ತಂದಿದ್ದೆ. ದೊಡ್ಡ ಫ್ಲ್ಯಾಶ್ ಬೇರೆ. ಹೋದೆ ಗತ್ತಿನಲ್ಲಿ.

ಜನವರಿ ತಿಂಗಳು. ಮನೆ ಮುಂದಿನ ಕಣದ ತುಂಬ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದರು. ಕೆಂಪು ಅಂದರೆ ಕೆಂಪು, ಒಂದೊಂದು ಕಾಯಿಯೂ ಅಜ್ಜಿಯ ಕೈಯಂತೆ ಸುಕ್ಕು. ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆ. ನಾನು ಚಪ್ಪಲಿ ಕೂಡ ಬಿಡಲಿಲ್ಲ. ಸೀದಾ ಕೊಟ್ಟಿಗೆ ಬಾಗಿಲಲ್ಲಿ ನಿಂತೆ, ಫ್ಲ್ಯಾಶ್ ಏರಿಸಿದೆ, ಹೊಡೆದೆ.

ಎಮ್ಮೆ ಗೂಟ ಕಿತ್ತುಕೊಂಡು ಎದ್ದಿತು. ನನ್ನನ್ನು ಗೋಡೆಗೆ ಒತ್ತಿ ಹೊರಗೆ ಓಡಿತು. ಓಡಿದ್ದು ಎಲ್ಲಿಗೆ? ಮೆಣಸಿನಕಾಯಿ ಕಣಕ್ಕೆ! ಕಾಲಡಿ ಕಾಯಿ ಒಡೆದು ಘಾಟು ಎದ್ದಿತು ನೋಡಿ, ನಾನು ಸೀನುತ್ತಿದ್ದೇನೆ, ಅಜ್ಜಿಯ ಮೊಮ್ಮಗ ಸೀನುತ್ತಿದ್ದಾನೆ, ಕೊನೆಗೆ ಎಮ್ಮೆಯೂ ಸೀನಿತು. ಎಮ್ಮೆ ಸೀನಿದ್ದನ್ನು ನಾನು ಜನ್ಮದಲ್ಲಿ ನೋಡಿದ್ದು ಅವತ್ತೇ.

ಅಜ್ಜಿ ಮಾತ್ರ ಸೆರಗು ಮೂಗಿಗೆ ಹಿಡಿದು ನನ್ನ ಮುಂದೆ ಬಂದು ನಿಂತಳು. "ಯಪ್ಪಾ, ಫೋಟೋ ಹೊಡಿಯಾಕ ಬಂದಿಯೋ, ನಮ್ಮ ಎಮ್ಮಿ ಹೊಡಿಯಾಕ ಬಂದಿಯೋ? ಮನಿಗೆ ಬಂದವ್ರು ಮೊದ್ಲ ಕುಂದರ್ತಾರ. ನೀ ಕಂಬದಂಗ ನಿಂತರ ಅದಕ ಅಂಜಿಕಿ ಬರೂದಿಲ್ಲೇನು? ಕುಂದ್ರು."

ಕೂತೆ. ಗೋಣಿತಟ್ಟು ಹಾಸಿಕೊಟ್ಟಳು, ಚಹಾ ಕೊಟ್ಟಳು. ಫ್ಲ್ಯಾಶ್ ಬಿಚ್ಚಿ ಚೀಲಕ್ಕೆ ಹಾಕಿಸಿದಳು. ಎಮ್ಮೆಯನ್ನು ಮತ್ತೆ ತಂದು ಗ್ವಾದಲಿಗೆ ಕಟ್ಟಿದರು. ಅದು ಕಿವಿ ಮುಂದೆ ಮಾಡಿ, ಮೂಗು ಅರಳಿಸಿ ನನ್ನನ್ನೇ ನೋಡಿತು. ನಾನು ಸುಮ್ನೆ ಕೂತೆ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಕಿವಿ ಸಡಿಲ ಬಿಟ್ಟಿತು. ಆಮೇಲೆ ದವಡೆ ಅಡ್ಡಡ್ಡ ಆಡಿಸಲು ಶುರು ಮಾಡಿತು, ಮೆಲುಕು. ಇದನ್ನು ನೆನಪಿಡಿ. ದನ ಮೆಲುಕು ಹಾಕಲು ಹತ್ತಿತು ಅಂದರೆ ನಿಮ್ಮ ಬಗ್ಗೆ ಅದಕ್ಕಿದ್ದ ಅಂಜಿಕೆ ಹೋಗಿದೆ ಅಂತ ಅರ್ಥ. ಆಗ ಕ್ಯಾಮೆರಾ ಎತ್ತಿ, ಅಲ್ಲಿವರೆಗೆ ಬೇಡ.

ಬಾಗಿಲಿಂದ ಓರೆಯಾಗಿ ಬೆಳಕು ಬೀಳುತ್ತಿತ್ತು. ಕೂತಿದ್ದಕ್ಕೇ ನನಗೆ ಕಂಡಿತು. ಅದರ ಮೂಗಿನ ಮೇಲೆ ಸಾಸಿವೆ ಗಾತ್ರದ ನೀರ ಹನಿಗಳು. ರೆಪ್ಪೆಗೆ ಸಿಕ್ಕಿಕೊಂಡ ಒಂದು ಜೋಳದ ಹೊಟ್ಟು. ಹಿಂದಕ್ಕೆ ಬಾಗಿ ಹೆಗಲು ಮುಟ್ಟುವ ಕುಡುಗೋಲಿನಂಥ ಕೋಡು. ಒಂದು ನೊಣ ಬಂದು ಕಿವಿ ಮೇಲೆ ಕೂತಿತು. ಎಮ್ಮೆ ಕಿವಿ ಒದರಿತು, ಬಿಲ್ಲೆ ನನ್ನ ಕಡೆ ತಿರುಗಿತು, ನಂಬರ್ ಸಮೇತ. ಒಂದೇ ಕ್ಲಿಕ್. ವಿಮೆ ಆಯಿತು.

ಮುಂದಿನ ತಿಂಗಳು ಅಜ್ಜಿ ಹುಬ್ಬಳ್ಳಿ ಸಂತೆಗೆ ಬಂದವಳು ಸ್ಟುಡಿಯೋ ಹುಡುಕಿಕೊಂಡು ಬಂದಳು. ಎಮ್ಮೆ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಒಯ್ದಳು. ಮತ್ತೊಮ್ಮೆ ಆ ಊರಿಗೆ ಹೋದಾಗ ನೋಡುತ್ತೇನೆ, ಪಡಸಾಲೆಯಲ್ಲಿ ತೀರಿಹೋದ ಯಜಮಾನರ ಫೋಟೋ, ಪಕ್ಕದಲ್ಲೇ ಎಮ್ಮೆ! "ನಮ್ಮನಿಯವರದು ಇಷ್ಟು ಚಲೋ ಬಂದಿಲ್ಲ ನೋಡಪಾ. ಅವರದನ್ನ ತೆಗದಾವಾ ನಿಂತು ತೆಗದಿದ್ದ" ಅಂದಳು.

ಅಂದಹಾಗೆ ಅದು ನಮ್ಮದೇ ಧಾರವಾಡಿ ಎಮ್ಮೆ. ಆಗ ಬರೀ ಜವಾರಿ ಎಮ್ಮೆ ಅನ್ನುತ್ತಿದ್ದೆವು. 2021ರಲ್ಲಿ ಅದನ್ನು ಪ್ರತ್ಯೇಕ ತಳಿ ಅಂತ ರಾಷ್ಟ್ರಮಟ್ಟದಲ್ಲಿ ದಾಖಲು ಮಾಡಿದರು. ಧಾರವಾಡ ಪೇಡೆಯ ರುಚಿಯ ಹಿಂದೆ ಇರುವುದು ಈ ಎಮ್ಮೆಯ ಹಾಲೇ. ಅಂಥದ್ದನ್ನು ನಿಂತು ತೆಗೆದು ಕೆಡಿಸಬೇಡಿ, ದಯವಿಟ್ಟು.

ಎಮ್ಮೆ ಕಥೆಯಲ್ಲಿ ಅರ್ಧ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಬೆಳಕು. ಬೆಳಗ್ಗೆ ಎಂಟೂವರೆ ಒಳಗೆ, ಸಂಜೆ ಐದರ ಮೇಲೆ. ಮಧ್ಯಾಹ್ನ ಕ್ಯಾಮೆರಾ ಮುಟ್ಟಬೇಡಿ, ಊಟ ಮಾಡಿ ಮಲಗಿ. ಸಂಜೆ ಕುರಿ ಹಿಂಡು ಬರುವಾಗ ಸೂರ್ಯ ಹಿಂಡಿನ ಹಿಂದೆ ಇರಲಿ. ಧೂಳೆಲ್ಲ ಬಂಗಾರ ಆಗುತ್ತದೆ. ಆಗಲೂ ಕೂತೇ ತೆಗೆಯಿರಿ.

ಬಣ್ಣ. ಕ್ಯಾಮೆರಾಕ್ಕೆ ಬುದ್ಧಿ ಕಡಿಮೆ. ಕಪ್ಪು ಕಂಡರೆ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ, ಎಮ್ಮೆ ಬೂದಿ ಬಳಿದಂತೆ ಬರುತ್ತದೆ. ಎರೆ ಹೊಲದಲ್ಲಿ ಬಿಳಿ ಖಿಲಾರಿ ಎತ್ತು ನಿಂತರೂ ಇದೇ ಕಥೆ. ಮಣ್ಣು ಕಪ್ಪು ಅಂತ ಬೆಳಕು ಏರಿಸಿ ಎತ್ತನ್ನು ಸುಣ್ಣದ ಗೋಡೆ ಮಾಡುತ್ತದೆ. ಮೊಬೈಲ್ ಪರದೆಯಲ್ಲಿ ದನದ ಮೇಲೆ ಬೆರಳು ಒತ್ತಿ. ಸಣ್ಣ ಸೂರ್ಯನ ಗುರುತು ಬರುತ್ತದೆ. ಎಮ್ಮೆಗೆ ಅದನ್ನು ಕೆಳಗೆ ಎಳೆಯಿರಿ. ಬಿಳಿ ಎತ್ತಿಗೆ ಬೆರಳು ಒತ್ತಿದರೇ ಬೆಳಕು ಇಳಿಯುತ್ತದೆ, ಇನ್ನೂ ಸುಣ್ಣದಂತೆ ಕಂಡರೆ ಮಾತ್ರ ಕೆಳಗೆ. ಮುಗೀತು.

ಹಕ್ಕಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಜನ ಏನು ಮಾಡುತ್ತಾರೆ? ದಂಡೆ ಮೇಲೆ ನಿಂತು ಕೈ ಚಾಚಿ ಕೂಗುತ್ತಾರೆ. ಹಕ್ಕಿ ನೀರಿನ ನಡುವಿಗೆ ಹೋಗುತ್ತದೆ. ಆಮೇಲೆ "ದೂರ ಇದ್ವು ಸರ್" ಅಂತ ನನಗೇ ಹೇಳುತ್ತಾರೆ! ಬೆಳಕು ಹರಿಯುವ ಮೊದಲೇ ಹೋಗಿ ದಂಡೆಯಲ್ಲಿ ಕೂಡ್ರಿ. ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುವಾಗ ನಿಮ್ಮ ತಲೆ ಮೇಲೆಯೇ ಹಾರುತ್ತವೆ.

ಜನ. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗುತ್ತೀರಿ, ಬುತ್ತಿ ಬಿಚ್ಚುತ್ತೀರಿ. ಫೋಟೋ ತೆಗೆಯುವವನು ಮಾತ್ರ ನಿಂತಿರುತ್ತಾನೆ, ಎಲ್ಲರೂ ಕತ್ತು ಎತ್ತಿ ಅವನನ್ನೇ ನೋಡುತ್ತಾರೆ. ಪಂಕ್ತಿಯಲ್ಲಿ ನೀವೂ ಕೂಡ್ರಿ, ಒಂದು ರೊಟ್ಟಿ ತಿನ್ನಿ. ಎರಡನೇ ರೊಟ್ಟಿ ಹೊತ್ತಿಗೆ ನಿಮ್ಮನ್ನು ಯಾರೂ ನೋಡುವುದಿಲ್ಲ. ಆಗ ತೆಗೆಯಿರಿ, ಕೇಳಿ ತೆಗೆಯಿರಿ.

ಗದಗ ಕಡೆಯ ಕಪ್ಪತಗುಡ್ಡದ ಬಗ್ಗೆ ಬಹಳ ಹೇಳುವುದಿತ್ತು. ಮಳೆ ಬಿದ್ದ ಮೇಲೆ ಹೋಗಿ. ಬರೀ ಗುಡ್ಡ ತೆಗೆಯಬೇಡಿ, ಕೂತರೆ ಮುಂದೆ ಹುಲ್ಲು ಸಿಗುತ್ತದೆ, ಹುಲ್ಲಿನ ಆಚೆ ಗುಡ್ಡ ಇರಲಿ.

ಇನ್ನೊಂದು. ಹಾವೇರಿ ಕಡೆ ದೀಪಾವಳಿಗೆ ಹೋರಿ ಬೆದರಿಸುವ ಹಬ್ಬ ಇರುತ್ತದಲ್ಲ, ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿ? ಅಲ್ಲಿ ಮಾತ್ರ ಕೂಡಬೇಡಿ! ಮಾಳಿಗೆ ಹತ್ತಿ. ರೇಡಿಯೋದಲ್ಲಿ ಆ ಮನುಷ್ಯ ಕೂಡ್ರಿ ಅಂದಿದ್ದ ಅಂತ ಯಾರೂ ಆಸ್ಪತ್ರೆಯಿಂದ ನನಗೆ ಫೋನ್ ಮಾಡಬಾರದು.

ಗಾಜಿನ ಆಚೆಯಿಂದ ಟೈಮ್ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಮೊದಲೇ ಹೇಳಬೇಕಾದದ್ದು ಬಿಟ್ಟುಹೋಗಿತ್ತು: ಮೊಬೈಲ್ ಲೆನ್ಸ್ ಒರೆಸಿಕೊಳ್ಳಿ. ಅಂಗಿ ಜೇಬಿನಲ್ಲಿ ತಂಬಾಕಿನ ಚೀಟಿ ಜೊತೆ ಇಟ್ಟಿರುತ್ತೀರಿ, ಗೊತ್ತಿದೆ ನನಗೆ. ಮೆತ್ತನೆ ಅರಿವೆಯಿಂದ ಒಂದು ಸಲ ಒರೆಸಿ, ಆಮೇಲೆ ಕೂಡ್ರಿ. ನಮಸ್ಕಾರ.