ಒಬ್ಬರೇ ಇರುವವರ ಕಿಟಕಿ

ಕೇಳುಗ ಮಿತ್ರರೇ, ನಮಸ್ಕಾರ.

ಈ ಜನರ ಸಹವಾಸವೇ ಬೇಡ, ಎಲ್ಲಾದರೂ ದೂರ ಹೋಗಿ ಒಬ್ಬರೇ ಇದ್ದುಬಿಡೋಣ ಅಂತ ಒಮ್ಮೆಯೂ ಅನ್ನಿಸದವರು ಕಡಿಮೆ, ಅಲ್ವಾ? ಆ ಆಸೆಯಲ್ಲಿ ತಪ್ಪಿಲ್ಲ. ಆದರೆ ನಿಜವಾಗಿ ಹಾಗೆ ಬಾಳಿದವರು ಏನು ಮಾಡಿಕೊಂಡಿದ್ದರು ಅಂತ ನೋಡಬೇಕು.

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ 1084ರಲ್ಲಿ ಶುರುವಾದ ಕಾರ್ತೂಸಿಯನ್ ಎಂಬ ಕ್ರೈಸ್ತ ಸನ್ಯಾಸಿಗಳ ಪಂಥ ಇವತ್ತಿಗೂ ಇದೆ. ಅಲ್ಲಿನ ಒಬ್ಬೊಬ್ಬ ಸನ್ಯಾಸಿಗೂ ಬೇರೆಯೇ ಮನೆ, ಪುಟ್ಟ ತೋಟ. ಊಟವನ್ನು ಗೋಡೆಯ ಕಿಂಡಿಯಲ್ಲಿ ಇಟ್ಟು ಹೋಗುತ್ತಾರೆ. ದಿನದ ಬಹುಪಾಲು ಮೌನ. ಆದರೂ ವಾರಕ್ಕೊಮ್ಮೆ ಎಲ್ಲರೂ ಸೇರಿ ದೂರ ನಡೆದು ಬರುತ್ತಾರೆ, ದಾರಿಯುದ್ದಕ್ಕೂ ಮಾತಾಡುತ್ತಾರೆ. ಮೌನದ ಬೆಲೆ ಅಷ್ಟು ಬಲ್ಲವರೇ ಮಾತಿಗೂ ಹೊತ್ತು ಇಟ್ಟರು. ಸುಮ್ನೆ ಇಟ್ಟಿದ್ದಲ್ಲ.

ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 600 ವರ್ಷಗಳ ಹಿಂದೆ ಜೂಲಿಯನ್ ಎಂಬ ಹೆಂಗಸು ಪ್ರಾರ್ಥನೆಗೆಂದು ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ ಬಾಳಿದಳು. ಆಗ ಅಂಥ ಕೋಣೆ ಸೇರಿದವರು ಸಾಯುವ ತನಕ ಹೊರಗೆ ಬರುವಂತಿರಲಿಲ್ಲ. ಆದರೆ ಆ ಕೋಣೆಗಳಿಗೆ ಸಾಮಾನ್ಯವಾಗಿ ಹೊರಗಿನವರ ಜೊತೆ ಮಾತಾಡಲು ಒಂದು ಕಿಟಕಿ ಇರುತ್ತಿತ್ತು. ಕಷ್ಟದಲ್ಲಿದ್ದವರು ಅಲ್ಲಿ ಬಂದು ಬುದ್ಧಿಮಾತು ಕೇಳುತ್ತಿದ್ದರು. ಜೂಲಿಯನ್‌ಳನ್ನೂ ಹುಡುಕಿಕೊಂಡು ಬಂದವರಿದ್ದಾರೆ. ನನಗೆ ಆ ಕಿಟಕಿ ತುಂಬಾ ಮುಖ್ಯ ಅನ್ನಿಸುತ್ತದೆ.

ಹೊರಗಿನ ಸುಳಿವೇ ಸಿಗದಿದ್ದರೆ ಏನಾಗುತ್ತದೆ? 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕ ಪ್ರಯೋಗಕ್ಕೆಂದು ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯೊಳಗೆ ಒಬ್ಬನೇ ಇದ್ದ. ಸೆಪ್ಟೆಂಬರ್ 14ರಂದು ‘ಅವಧಿ ಮುಗಿಯಿತು’ ಎಂದು ಗುಹೆಯ ಮೇಲಿದ್ದ ಅವನ ತಂಡದವರು ತಿಳಿಸಿದಾಗ, ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20! ಹಗಲು ರಾತ್ರಿ, ಬೇರೆಯವರ ಓಡಾಟ ಇವೆಲ್ಲ ನಮ್ಮ ದಿನವನ್ನು ಎಷ್ಟು ಹಿಡಿದಿಟ್ಟಿರುತ್ತವೆ ನೋಡಿ.

ಇವರೆಲ್ಲ ತಾವಾಗಿ ಆರಿಸಿಕೊಂಡು ಒಳಗೆ ಹೋದವರು. ನನಗೆ ಜಾಸ್ತಿ ಕಾಡುವವರು ಬೇರೆ. ಸೋಲು, ಅವಮಾನ, ಭಯ ಇವುಗಳಿಂದ ಬಾಗಿಲು ಹಾಕಿಕೊಂಡವರು. ಜಪಾನಿನಲ್ಲಿ ಆರು ತಿಂಗಳಿಗೂ ಮೀರಿ ಹೀಗೆ ಮನೆಯೊಳಗೇ ಉಳಿಯುವವರನ್ನು ಹಿಕಿಕೊಮೊರಿ ಎನ್ನುತ್ತಾರೆ. ಅಂಥವರು ಎಲ್ಲ ದೇಶದಲ್ಲೂ ಇದ್ದಾರೆ. ಅವರಿಗೆ ಆ ಕೋಣೆ ನೆಮ್ಮದಿ ಕೊಡುವುದಿಲ್ಲ, ಹೊರಗಿನ ನೋವನ್ನು ಸ್ವಲ್ಪ ತಡೆಯುತ್ತದೆ ಅಷ್ಟೇ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಎಳೆದು ಹೊರಗೆ ತರಬೇಡಿ. ‘ಯಾವಾಗ ಸರಿಹೋಗುತ್ತೀಯ’ ಅಂತ ಕೇಳಬೇಡಿ. ಬಾಗಿಲ ಬಳಿ ನಿಂತು, ಉತ್ತರ ಬೇಡದ ಒಂದು ಸಣ್ಣ ಮಾತಾಡಿ. ‘ಹೊರಗೆ ಮಳೆ ಬರುತ್ತಿದೆ’ ಅಂದರೂ ಸಾಕು. ನಾಳೆಯೂ ಬನ್ನಿ. ಊಟ, ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತು ಬಂದರೆ, ಕಾಯದೆ ವೈದ್ಯರ ಹತ್ತಿರ ಹೋಗಿ.

ನಮಸ್ಕಾರ.