ಮ್ಯಾಗಜೀನಿನಿಂದ ಚೇಂಬರಿಗೆ: ಕೈಯಲ್ಲಿ ತುಂಬಿದ ಕಾಡತೂಸು ಎಲ್ಲಿ ಸಿಕ್ಕಿಬೀಳುತ್ತದೆ?

ಎಲ್ಲರಿಗೂ ನಮಸ್ಕಾರ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯಲ್ಲಿ ಮ್ಯಾಗಜೀನ್ ಎಂದರೇನು ಎಂದು ವಿವರಿಸಬೇಕಿಲ್ಲ. ಆದರೆ ಸೈನಿಕರ ಕೈಗೆ ಬರುವುದು ಕಾರ್ಖಾನೆಯ ಕಾಡತೂಸು. ಹಾರಿಸಿದ ಕಾಡತೂಸಿನ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು ಮತ್ತೆ ತುಂಬುವ ಹವ್ಯಾಸ ಅಮೆರಿಕದಂಥ ದೇಶಗಳದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಇದನ್ನು ಮೊದಲೇ ಹೇಳಿ, ಹಾಗೆ ಕೈಯಲ್ಲಿ ತುಂಬಿದ ಕಾಡತೂಸು ಮ್ಯಾಗಜೀನಿನಿಂದ ಚೇಂಬರಿಗೆ, ಅಂದರೆ ನಳಿಕೆಯ ಹಿಂಬದಿಯ ಗೂಡಿಗೆ, ಏರುವಾಗ ಎಲ್ಲಿ ತಡೆಯುತ್ತದೆ ಎಂಬುದಕ್ಕೆ ಬರುತ್ತೇನೆ.

ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಕೈಯಲ್ಲೇ ಎಳೆದು ತಳ್ಳುವ ಬೋಲ್ಟ್ ಆಕ್ಷನ್ ರೈಫಲಿನಲ್ಲಿ ಕಾಡತೂಸು ಬಿಗಿಯಾದರೆ ಕೈಗೆ ತಿಳಿಯುತ್ತದೆ, ಒತ್ತಿ ಮುಚ್ಚಬಹುದು. ಪ್ರತಿ ಗುಂಡಿನ ನಂತರ ತಾನೇ ಮುಂದಿನದನ್ನು ಏರಿಸಿಕೊಳ್ಳುವ ಅರೆ-ಸ್ವಯಂಚಾಲಿತದಲ್ಲಿ ಸ್ಪ್ರಿಂಗ್ ತಳ್ಳಿದಷ್ಟೇ. ಹಾಗಾಗಿ ಇಲ್ಲಿ ಅಳತೆಯೇ ಎಲ್ಲ.

.223 ರೆಮಿಂಗ್ಟನ್ ಎಂಬ ರೈಫಲ್ ಕಾಡತೂಸನ್ನು ತೆಗೆದುಕೊಳ್ಳಿ. ಒಟ್ಟು ಉದ್ದದ ಗರಿಷ್ಠ ಮಿತಿ 57.40 ಮಿ.ಮೀ. ಗುಂಡನ್ನು ನಳಿಕೆಯೊಳಗಿನ ಸುರುಳಿ ಗೀರುಗಳಾದ ರೈಫ್ಲಿಂಗಿಗೆ ಹತ್ತಿರ ಒಯ್ಯುವ ಆಸೆಗೆ ಇದಕ್ಕಿಂತ ಹೊರಗೆ ಕೂರಿಸಿದರೆ ಮೂತಿ ಮ್ಯಾಗಜೀನಿನ ಮುಂಗೋಡೆಗೆ ಉಜ್ಜಿ ಮೇಲೇಳುವುದಿಲ್ಲ. ಖಾಲಿ ಕೇಸಿನ ಉದ್ದ 44.70 ಮೀರಬಾರದು, 44.45ಕ್ಕೆ ಕತ್ತರಿಸುವುದು ರೂಢಿ.

ಹಾರಿಸಿದ ಕೇಸು ಚೇಂಬರಿನ ಆಕಾರಕ್ಕೆ ಹಿಗ್ಗಿರುತ್ತದೆ. ಕುತ್ತಿಗೆಯನ್ನಷ್ಟೇ ಕುಗ್ಗಿಸಿದರೆ ಸಾಲದು, ಇಡೀ ಕೇಸನ್ನು ಕುಗ್ಗಿಸುವ ಅಚ್ಚಿಗೆ, ಅಂದರೆ ಪೂರ್ತಿ ಡೈಗೆ ಹಾಕಿ ಕುತ್ತಿಗೆಯ ಕೆಳಗಿನ ಇಳಿಜಾರಾದ ಭುಜವನ್ನು 0.08ರಿಂದ 0.13 ಮಿ.ಮೀ. ಹಿಂದೆ ತಳ್ಳಬೇಕು. ಕಡಿಮೆಯಾದರೆ ಬೋಲ್ಟ್ ಲಾಕ್ ಆಗುವುದಿಲ್ಲ. ಅತಿಯಾದರೆ ಕೆಲವು ಸಲ ತುಂಬುವಷ್ಟರಲ್ಲಿ ಕೇಸಿನ ಬುಡ ತುಂಡಾಗುತ್ತದೆ. ಕೇಸಿನ ಅಳತೆ ನೋಡುವ ಕೇಸ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು.

ಕುತ್ತಿಗೆಯ ಹಿಡಿತ ಇನ್ನೂ ಗಂಭೀರ. ಒಳವ್ಯಾಸ ಗುಂಡಿಗಿಂತ ಸುಮಾರು 0.05 ಮಿ.ಮೀ. ಕಿರಿದಿರಬೇಕು. ಸಡಿಲವಿದ್ದರೆ ಮೂತಿ, ಕಾಡತೂಸನ್ನು ಚೇಂಬರಿಗೆ ಏರಿಸುವ ಇಳಿಜಾರಾದ ಫೀಡ್ ರ‍್ಯಾಂಪಿಗೆ ಗುದ್ದಿದಾಗ ಗುಂಡು ಒಳಗೆ ಸರಿಯುತ್ತದೆ; ಒಳಜಾಗ ಕಿರಿದಾಗಿ ಒತ್ತಡ ಅಪಾಯಕ್ಕೆ ಏರುತ್ತದೆ. ಹಿಡಿತ ಸಾಲದೆಂದು ಕ್ರಿಂಪ್, ಅಂದರೆ ಕೇಸಿನ ಬಾಯಂಚನ್ನು ಗುಂಡಿಗೆ ಒತ್ತಿದ ಮಡಿಕೆ, ಬಿಗಿಮಾಡುವವರಿದ್ದಾರೆ. ಅದು ಪರಿಹಾರವಲ್ಲ. ಅತಿ ಕ್ರಿಂಪಿಗೆ ಭುಜ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಆಮೇಲೆ ಕಾಡತೂಸು ಚೇಂಬರಿನ ಬಾಯಲ್ಲೇ ನಿಲ್ಲುತ್ತದೆ.

ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೇಸಿನ ತಳಕ್ಕಿಂತ ತುಸು ಒಳಗೇ ಇರಬೇಕು. ಏಆರ್-15 ಎಂಬ ಅರೆ-ಸ್ವಯಂಚಾಲಿತ ರೈಫಲಿನ ಮಾದರಿಯಲ್ಲಿ, ಪ್ರೈಮರಿಗೆ ಹೊಡೆಯುವ ಫೈರಿಂಗ್ ಪಿನ್ನನ್ನು ಹಿಡಿದಿಡುವ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚಿದಾಗಲೆಲ್ಲ ಆ ಪಿನ್ ಪ್ರೈಮರನ್ನು ಲಘುವಾಗಿ ತಟ್ಟುತ್ತದೆ. ಉಬ್ಬಿದ ಪ್ರೈಮರ್ ಟ್ರಿಗರ್ ಎಳೆಯದೆಯೇ ಸಿಡಿಯಬಹುದು. ಪ್ರತಿಯೊಂದರ ಮೇಲೂ ಬೆರಳಾಡಿಸಿ ನೋಡಬೇಕು.

ಡೈಗೆ ಹಾಕುವ ಮುನ್ನ ಕೇಸಿಗೆ ಹಚ್ಚಿದ ಎಣ್ಣೆಯನ್ನು ಪೂರ್ತಿ ಒರೆಸಿ. ನಮ್ಮ ಬೇಸಿಗೆ ಧೂಳಿನಲ್ಲಿ ಎಣ್ಣೆ ಮೆತ್ತಿದ ಕಾಡತೂಸು ಮ್ಯಾಗಜೀನಿಗೆ ಹೂಳು ತುಂಬಿದಂತೆ.

ಇಷ್ಟಾದರೂ ತೊಡಕಿದ್ದರೆ ಮ್ಯಾಗಜೀನ್‌ಗಳಿಗೆ ನಂಬರ್ ಹಾಕಿ. ಒಂದೇ ನಂಬರಿನದು ಮತ್ತೆ ಮತ್ತೆ ಕೈಕೊಟ್ಟರೆ ಕಾಡತೂಸನ್ನು ಹಿಡಿದಿಡುವ ಅದರ ಮೇಲಂಚು, ಅಂದರೆ ತುಟಿ, ಬಾಗಿದೆ ಇಲ್ಲವೇ ಸ್ಪ್ರಿಂಗ್ ಸೋತಿದೆ. ಎಲ್ಲವೂ ಕೈಕೊಟ್ಟರೆ ಕಾಡತೂಸಿನ ಅಳತೆಗೆ ವಾಪಸ್ ಹೋಗಿ. ಮದ್ದು, ಪ್ರೈಮರ್ ಎರಡೂ ಇಲ್ಲದ ಡಮ್ಮಿ ಮಾಡಿ, ಉದ್ದ ಅಳೆದು, ಮ್ಯಾಗಜೀನಿನಿಂದ ಬೋಲ್ಟನ್ನು ಪೂರ್ತಿ ಬಿಟ್ಟು ಏರಿಸಿ, ಹೊರತೆಗೆದು, ಗುಂಡು ಸರಿದಿದೆಯೇ ಎಂದು ಮತ್ತೆ ಅಳೆಯಿರಿ. ತುಂಬಿದ ಮ್ಯಾಗಜೀನಿನ ಮೊದಲನೆಯದನ್ನೂ ಕೊನೆಯದನ್ನೂ ತಪ್ಪದೆ ಪರೀಕ್ಷಿಸಿ. ಮೊದಲನೆಯದಕ್ಕೆ ಸ್ಪ್ರಿಂಗಿನ ಒತ್ತಡ ಗರಿಷ್ಠ, ಕೊನೆಯದಕ್ಕೆ ಕನಿಷ್ಠ.